ಪೆಟ್ಟಿಗೆಯೊಳಗಣ ತಂಬೂರಿ

ಶಬ್ದವೆಂದರೇನು ಎಂಬ ಪ್ರಶ್ನೆ ನಮ್ಮ ನಾಡಿಗೆ ಹೊಸದಲ್ಲ. ವೈಶೇಷಿಕರು ಅದನ್ನು ಆಕಾಶದ ಗುಣವೆಂದರು. ಜೈನರು ಇದನ್ನೊಪ್ಪದೆ, ಶಬ್ದವೂ ಒಂದು ದ್ರವ್ಯವೇ ಎಂದು ವಾದಿಸಿದರು. ಹದಿಮೂರನೆಯ ಶತಮಾನದ ನಮ್ಮ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಈ ಎರಡನೆಯ ಮತವನ್ನೇ ಹಿಡಿದು, ಜೀವನ ಇಚ್ಛೆಯೂ ಅನುಕೂಲವಾದ ಗಾಳಿಯೂ ಕೂಡಿದಾಗ ನಾಭಿಯ ಮೂಲದಲ್ಲಿ ಕಹಳೆಯ ರೀತಿಯಲ್ಲಿ ಶಬ್ದವು ಹುಟ್ಟುತ್ತದೆಂದು ಹೇಳಿದನು. ತರಗತಿಯಲ್ಲಿ ಈ ಭಾಗವನ್ನು ಪಾಠ ಹೇಳುವಾಗಲೆಲ್ಲ ನನಗೊಂದು ಸಂಗತಿ ಸೋಜಿಗವೆನಿಸುತ್ತದೆ. ಅಕ್ಷರದ ಹುಟ್ಟನ್ನು ವಿವರಿಸಹೊರಟ ವ್ಯಾಕರಣಕಾರನಿಗೂ ಕೊನೆಗೆ ಒಂದು ವಾದ್ಯದ ನೆರವೇ ಬೇಕಾಯಿತಲ್ಲ! ಕಣ್ಣಿಗೆ ಕಾಣದ ಶಬ್ದವನ್ನು ತಿಳಿಯಬೇಕಾದರೆ ಅದನ್ನು ಹುಟ್ಟಿಸುವ ಉಪಕರಣವನ್ನು ನೋಡಬೇಕು, ಬೇರೆ ದಾರಿಯಿಲ್ಲ.

ಆದರೆ ನಾವು ನೋಡುವುದನ್ನು ಬಿಟ್ಟಿದ್ದೇವೆ. ಮಕ್ಕಳ ಹುಟ್ಟುಹಬ್ಬಕ್ಕೆಂದು ಸಂಗೀತದ ಕೀಬೋರ್ಡನ್ನು ತರುತ್ತೇವೆ. ಗುಂಡಿಯನ್ನು ಒತ್ತಿದರೆ ಕೊಳಲು, ಇನ್ನೊಂದನ್ನು ಒತ್ತಿದರೆ ಪಿಟೀಲು, ಮತ್ತೊಂದಕ್ಕೆ ಸಿತಾರು. 1991ರಲ್ಲಿ ವಾದ್ಯತಯಾರಕರು ತಮ್ಮೊಳಗೆ ಮಾಡಿಕೊಂಡ ಒಪ್ಪಂದದ ಪಟ್ಟಿಯಲ್ಲಿ ಇಂತಹ 128 ದನಿಗಳಿವೆ. ಕೊಳಲಿನ ಗುಂಡಿಯನ್ನು ಒತ್ತಿದರೆ ಕೊಳಲೇ ಏಕೆ ಕೇಳಿಸಬೇಕು, ಅದರೊಳಗೆ ಬಿದಿರೂ ಇಲ್ಲ, ಉಸಿರೂ ಇಲ್ಲವಲ್ಲ ಎಂದು ಕೇಳುವ ಮಗುವಿಗೆ, ‘ಅದೆಲ್ಲ ಎಲೆಕ್ಟ್ರಾನಿಕ್ಸ್, ಸುಮ್ಮನೆ ನುಡಿಸು’ ಎಂದು ಬಾಯಿ ಮುಚ್ಚಿಸುತ್ತೇವೆ. ಆ ಮಗುವಿನ ಪ್ರಶ್ನೆಗೆ ಉತ್ತರ ಹುಡುಕುವ ಒಂದು ಸುಲಭ ಉಪಾಯವನ್ನು ಈ ವಾರ ಓದುಗರ ಮುಂದಿಡುತ್ತೇನೆ. ಮನೆಯಲ್ಲೊಂದು ಕಂಪ್ಯೂಟರ್ ಇದ್ದರೆ ಸಾಕು, ಹಳೆಯದಾದರೂ ನಡೆದೀತು. ಒಂದು ಸಂಜೆಯ ಬಿಡುವಿನಲ್ಲಿ, ಕಾಸು ಖರ್ಚಿಲ್ಲದೆ, ಒಂದು ವಾದ್ಯವನ್ನು ನಾವೇ ಕಟ್ಟಬಹುದು.

ಈ ವಿದ್ಯೆಗೊಂದು ಚರಿತ್ರೆಯಿದೆ. 1957ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಮ್ಯಾಕ್ಸ್ ಮ್ಯಾಥ್ಯೂಸ್ ಎಂಬ ಇಂಜಿನಿಯರು ಐ.ಬಿ.ಎಂ. 704 ಎಂಬ ಭಾರೀ ಗಣಕಯಂತ್ರದಿಂದ ಹದಿನೇಳು ಸೆಕೆಂಡುಗಳ ಒಂದು ಪುಟ್ಟ ರಾಗವನ್ನು ಹೊರಡಿಸಿದರು. ಕೇಳಿದವರು ಮೆಚ್ಚಿ ತಲೆದೂಗುವಂತಹ ಸಂಗೀತವೇನೂ ಅದಾಗಿರಲಿಲ್ಲ. ಮ್ಯಾಥ್ಯೂಸರ ನಿಜವಾದ ಹಿರಿಮೆ ಕಂಡದ್ದು 1960ರ ಸುಮಾರಿಗೆ. ಧ್ವನಿಯನ್ನು ಹುಟ್ಟಿಸುವ ಕೆಲಸವನ್ನು ಅವರು ಸಣ್ಣ ಸಣ್ಣ ಘಟಕಗಳಾಗಿ ಒಡೆದರು. ಒಂದು ಘಟಕ ಕಂಪನವನ್ನು ಕೊಡುತ್ತದೆ, ಒಂದು ಅದನ್ನು ಹಿಗ್ಗಿಸುತ್ತದೆ ಅಥವಾ ತಗ್ಗಿಸುತ್ತದೆ, ಒಂದು ಸೋಸುತ್ತದೆ. ಯಾವುದನ್ನು ಯಾವುದಕ್ಕೆ ಜೋಡಿಸಬೇಕೆಂಬುದು ವಾದ್ಯ ಕಟ್ಟುವವನ ಇಷ್ಟ. 1964ರಲ್ಲಿ ರಾಬರ್ಟ್ ಮೂಗ್ ಎಂಬುವರು ಇದೇ ಬಗೆಯ ಬಿಡಿ ಘಟಕಗಳನ್ನು ವಿದ್ಯುತ್ತಿನಿಂದ ನಡೆಯುವ ನಿಜವಾದ ಪೆಟ್ಟಿಗೆಗಳಾಗಿ ಮಾಡಿದರು. ಹಳೆಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದಂತೆ ಒಂದರಿಂದ ಒಂದಕ್ಕೆ ತಂತಿಗಳನ್ನು ಚುಚ್ಚಿ ನುಡಿಸುವ ಯಂತ್ರವದು. 1969ರಲ್ಲಿ ಅಂತಹ ಒಂದು ಯಂತ್ರ ನಮ್ಮ ದೇಶದ ಅಹಮದಾಬಾದಿಗೂ ಬಂದಿತು. ಅಲ್ಲಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಅದನ್ನು ನೆಲೆಗೊಳಿಸಿದವರು ಡೇವಿಡ್ ಟ್ಯೂಡರ್ ಎಂಬ ಅಮೆರಿಕದ ಸಂಗೀತಗಾರರು.

ಆ ಪೆಟ್ಟಿಗೆಗಳನ್ನು ಕೊಳ್ಳುವ ಶಕ್ತಿ ನಮ್ಮಂತಹವರಿಗೆಲ್ಲಿ? ಅದೃಷ್ಟವಶಾತ್ ಈಗ ಅವು ಕಂಪ್ಯೂಟರಿನ ಪರದೆಯ ಮೇಲೆ ಬರಿಯ ಚಿತ್ರಗಳಾಗಿ ದೊರೆಯುತ್ತವೆ. ಮಿಲ್ಲರ್ ಪಕೆಟ್ ಎಂಬ ಗಣಿತಜ್ಞರು 1980ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿದ್ದಾಗ ಇಂತಹದೊಂದು ವ್ಯವಸ್ಥೆಯನ್ನು ರಚಿಸಿದರು; ಹಿರಿಯರಾದ ಮ್ಯಾಥ್ಯೂಸರ ಗೌರವಾರ್ಥವಾಗಿ ಅದಕ್ಕೆ ‘ಮ್ಯಾಕ್ಸ್’ ಎಂದೇ ಹೆಸರಾಯಿತು. ಅನಂತರ ಅವರು ಕ್ಯಾಲಿಫೋರ್ನಿಯಾಕ್ಕೆ ಹೋಗಿ 1996ರಲ್ಲಿ ‘ಪ್ಯೂರ್ ಡೇಟಾ’ ಎಂಬುದನ್ನು ಬರೆದು, ಬೇಕಾದವರು ಬೇಕಾದಂತೆ ಬಳಸಿಕೊಳ್ಳಲೆಂದು ಲೋಕಕ್ಕೆ ಉಚಿತವಾಗಿ ಕೊಟ್ಟರು. ನಾನು ಹೇಳಹೊರಟಿರುವುದು ಈ ಪ್ಯೂರ್ ಡೇಟಾದಲ್ಲಿ ವಾದ್ಯ ಕಟ್ಟುವ ಬಗೆಯನ್ನು.

ಅದನ್ನು ತೆರೆದರೆ ಕಾಣುವುದು ಒಂದು ಬಿಳಿಯ ಹಾಳೆ. ಮೇಲಿನ ಪಟ್ಟಿಯಲ್ಲಿ ‘ಪುಟ್’ ಎಂಬಲ್ಲಿಂದ ‘ಆಬ್ಜೆಕ್ಟ್’ ಎಂಬುದನ್ನು ಆರಿಸಿದರೆ ಒಂದು ಖಾಲಿ ಪೆಟ್ಟಿಗೆ ಬರುತ್ತದೆ. ಅದರೊಳಗೆ ಇಂಗ್ಲಿಷಿನ ಓ, ಎಸ್, ಸಿ ಎಂಬ ಮೂರಕ್ಷರಗಳನ್ನೂ ಬೆನ್ನಿಗೆ ಅಂಟಿಸಿ ಟಿಲ್ಡೆ ಎಂಬ ಅಲೆಗೆರೆಯನ್ನೂ ಹಾಕಿ, ಒಂದಿಷ್ಟು ಜಾಗ ಬಿಟ್ಟು 130 ಎಂದು ಬರೆಯಿರಿ. ಇದು ಕಂಪನದ ಪೆಟ್ಟಿಗೆ. ಸೆಕೆಂಡಿಗೆ 130 ಬಾರಿ ಅಲುಗುತ್ತದೆ. ಗಂಡಸರ ದನಿಗೆ ಹೊಂದುವ ಒಂದು ಷಡ್ಜವೆಂದು ಇಟ್ಟುಕೊಳ್ಳೋಣ. ಇದರ ಕೆಳಗೆ ಇನ್ನೊಂದು ಪೆಟ್ಟಿಗೆ. ಅದರಲ್ಲಿ ಗುಣಾಕಾರವನ್ನು ಸೂಚಿಸುವ ನಕ್ಷತ್ರದ ಗುರುತು, ಅಲೆಗೆರೆ, ಅನಂತರ 0.1. ಇದು ದನಿಯನ್ನು ಹತ್ತನೆಯ ಒಂದಂಶಕ್ಕೆ ಇಳಿಸುತ್ತದೆ. ಎಲ್ಲಕ್ಕಿಂತ ಕೆಳಗೆ ಡಿ, ಎ, ಸಿ, ಅಲೆಗೆರೆ: ಇದು ಸ್ಪೀಕರಿಗೆ ಹೋಗುವ ಬಾಗಿಲು. ಮೇಲಿನ ಪೆಟ್ಟಿಗೆಯ ಅಡಿಯಿಂದ ಕೆಳಗಿನದರ ನೆತ್ತಿಗೆ ಮೌಸಿನಿಂದ ಗೆರೆಗಳನ್ನೆಳೆದು, ‘ಡಿ.ಎಸ್.ಪಿ.’ ಎಂಬ ಗುಂಡಿಯನ್ನು ಒತ್ತಿದರಾಯಿತು, ದನಿ ಕೇಳುತ್ತದೆ. ನಡುವಣ ಗುಣಾಕಾರದ ಪೆಟ್ಟಿಗೆಯನ್ನು ಮಾತ್ರ ಯಾರೂ ಮರೆಯಕೂಡದು. ಅದಿಲ್ಲದಿದ್ದರೆ ಯಂತ್ರವು ತನ್ನ ಪೂರ್ಣ ಬಲದಿಂದ ಕೂಗುತ್ತದೆ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕುಳಿತ ಹುಡುಗರಿಗೆ ಇದು ತಮಾಷೆಯ ಮಾತಲ್ಲ.

ಇಲ್ಲಿ ನಡೆಯುತ್ತಿರುವುದು ಬರಿಯ ಲೆಕ್ಕ. ಕಂಪ್ಯೂಟರು ಸೆಕೆಂಡಿಗೆ ಸಾಮಾನ್ಯವಾಗಿ 44,100 ಸಂಖ್ಯೆಗಳನ್ನು ಹೊರಗೆ ಕಳಿಸುತ್ತದೆ. ನಮ್ಮ ಷಡ್ಜದ ಒಂದೊಂದು ಅಲೆಗೂ ಸುಮಾರು 339 ಸಂಖ್ಯೆಗಳಾದುವು. ಆ ಸಂಖ್ಯೆಗಳು ಏರಿಳಿದಂತೆ ಸ್ಪೀಕರಿನ ಹಾಳೆ ಮುಂದಕ್ಕೂ ಹಿಂದಕ್ಕೂ ಸರಿದು ಗಾಳಿಯನ್ನು ತಳ್ಳುತ್ತದೆ. ಕೇಶಿರಾಜನ ಅನುಕೂಲಪವನವು ಇಲ್ಲಿ ಅಂಕಗಣಿತದಿಂದ ಹೊರಡುತ್ತದೆಯೆನ್ನಬಹುದು.

ಆದರೆ ಕೇಳಿಸಿದ್ದೇನು? ಮೊದಲ ದಿನ ನಾನು ಹೀಗೆ ಮಾಡಿ ಹಿಗ್ಗುತ್ತಿದ್ದಾಗ ಒಳಗಿನಿಂದ ನನ್ನ ತಾಯಿಯವರು, “ಏನೋ ಅದು, ಫ್ರಿಜ್ಜು ಕೆಟ್ಟಿತೇನೋ, ನೋಡೋ” ಎಂದರು. ಅವರ ಮಾತಿನಲ್ಲಿ ಅನ್ಯಾಯವೇನೂ ಇರಲಿಲ್ಲ. ಶ್ರುತಿ ಸರಿಯಾಗಿದೆ, ಕೂದಲೆಳೆಯಷ್ಟೂ ಅಲುಗದು. ಆದರೂ ಅದು ನಾದವಲ್ಲ. ಒಂಟಿ ಕಂಪನಕ್ಕೆ ಮೈಯಿಲ್ಲ. ನಾವು ನಾದವೆಂದು ಕರೆಯುವುದು ಎಂದೂ ಒಂಟಿಯಲ್ಲ, ಅದೊಂದು ಕುಟುಂಬ. ತಂತಿಯನ್ನು ಮೀಟಿದಾಗ ಅದು ಇಡಿಯಾಗಿ ಅಲುಗುತ್ತದೆ. ಜೊತೆಜೊತೆಗೇ ಎರಡು ಭಾಗವಾಗಿ, ಮೂರು ಭಾಗವಾಗಿ, ನಾಲ್ಕಾಗಿ, ಐದಾಗಿಯೂ ಅಲುಗುತ್ತದೆ. ಹೀಗೆ ಹುಟ್ಟುವ ಮರಿದನಿಗಳೆಲ್ಲ ಸೇರಿ ವಾದ್ಯಕ್ಕೆ ಅದರ ಬಣ್ಣವನ್ನು ಕೊಡುತ್ತವೆ.

ನಮ್ಮ ಹಾಳೆಯ ಮೇಲೆ ಈ ಕುಟುಂಬವನ್ನು ಕೂಡಿಸುವುದು ಕಷ್ಟವಲ್ಲ. 130ರ ಪಕ್ಕದಲ್ಲಿ 260, 390, 520, 650 ಎಂಬ ಇನ್ನೂ ನಾಲ್ಕು ಕಂಪನದ ಪೆಟ್ಟಿಗೆಗಳನ್ನಿಡಿ. ಮೊದಲನೆಯದು ಇದ್ದಷ್ಟೇ ಇರಲಿ. ಮಿಕ್ಕವುಗಳಿಗೆ ಒಂದೊಂದು ಗುಣಾಕಾರದ ಪೆಟ್ಟಿಗೆಯನ್ನು ಕೊಟ್ಟು, ಕ್ರಮವಾಗಿ ಅರ್ಧ, ಮೂರನೆಯ ಒಂದು, ನಾಲ್ಕನೆಯ ಒಂದು, ಐದನೆಯ ಒಂದು ಪಾಲಿಗೆ ತಗ್ಗಿಸಿ. ಎಲ್ಲದರ ಗೆರೆಗಳನ್ನೂ 0.1ರ ಪೆಟ್ಟಿಗೆಗೆ ಸೇರಿಸಿದರೆ ಅದು ತಾನಾಗಿಯೇ ಕೂಡಿಸಿಕೊಳ್ಳುತ್ತದೆ. ಈಗ ದನಿಗೆ ಮೈ ಬಂದಿರುತ್ತದೆ. ಸಂಗೀತ ಬಲ್ಲವರು ಆ ಅಂಕಗಳನ್ನು ಇನ್ನೊಮ್ಮೆ ನೋಡಬೇಕು. 130 ಷಡ್ಜವಾದರೆ 260 ಅದರ ಮೇಲಿನ ಷಡ್ಜ. 390 ಪಂಚಮ. 520 ಮತ್ತೂ ಮೇಲಿನ ಷಡ್ಜ. 650? ಅದು ಅಂತರಗಾಂಧಾರ! ಚೆನ್ನಾಗಿ ಶ್ರುತಿ ಮಾಡಿದ ತಂಬೂರಿಯಲ್ಲಿ ಯಾರೂ ಮೀಟದೆಯೇ ಗಾಂಧಾರ ಕೇಳಿಬರುತ್ತದೆಂದು ವಿದ್ವಾಂಸರು ಹೇಳುವುದನ್ನು ಓದುಗರು ಕೇಳಿರಬಹುದು. ಅದು ಎಲ್ಲಿಂದಲೋ ಬಂದ ಮಾಯೆಯಲ್ಲ; ಷಡ್ಜದ ಹೊಟ್ಟೆಯಲ್ಲೇ ಹುಟ್ಟಿದ ಐದನೆಯ ಮಗು. ಆ ಪೆಟ್ಟಿಗೆಯ ಗೆರೆಯನ್ನು ಅಳಿಸಿ ಕೇಳಿ, ಮತ್ತೆ ಎಳೆದು ಕೇಳಿ. ಎರಡು ಸಲ ಹೀಗೆ ಮಾಡಿದವನಿಗೆ ಆಮೇಲೆ ತಂಬೂರಿಯ ಮುಂದೆ ಕುಳಿತಾಗ ಗಾಂಧಾರವನ್ನು ಹುಡುಕಿಕೊಡಲು ಗುರುವು ಬೇಕಾಗುವುದಿಲ್ಲ.

ಈ ವಿಷಯದಲ್ಲಿ ಸರ್ ಸಿ. ವಿ. ರಾಮನ್ನರನ್ನು ನೆನೆಯದೆ ಮುಂದೆ ಹೋಗಲಾಗದು. ಬೆಂಗಳೂರಿಗೆ ಬರುವುದಕ್ಕೆ ಬಹು ಮುಂಚೆ, ಕಲ್ಕತ್ತೆಯಲ್ಲಿದ್ದಾಗ, 1921ರ ಸುಮಾರಿಗೆ ಅವರು ವೀಣೆ ತಂಬೂರಿಗಳ ಮೇಲೆ ಒಂದು ಪುಟ್ಟ ಪ್ರಬಂಧ ಬರೆದರು. ತಂತಿಯನ್ನು ಯಾವ ಜಾಗದಲ್ಲಿ ಮೀಟುತ್ತೇವೆಯೋ ಆ ಜಾಗದಲ್ಲಿ ನಿಶ್ಚಲವಾಗಿರಬೇಕಾದ ಮರಿದನಿ ಹುಟ್ಟಕೂಡದು ಎಂಬುದು ಪಶ್ಚಿಮದ ಶಾಸ್ತ್ರ. ನಮ್ಮ ತಂಬೂರಿ ಆ ಶಾಸ್ತ್ರಕ್ಕೆ ಬಗ್ಗಲಿಲ್ಲ. ಇರಕೂಡದ ದನಿಯೂ ಅದರಲ್ಲಿ ಗಟ್ಟಿಯಾಗಿಯೇ ಕೇಳಿಸಿತು. ಕಾರಣ ಅದರ ಕುದುರೆಯಲ್ಲಿದೆ. ಅಗಲವಾಗಿ ಬಾಗಿದ ಕುದುರೆಯ ಬೆನ್ನನ್ನು ತಂತಿಯು ಅಲುಗುವಾಗಲೆಲ್ಲ ಸವರಿಕೊಂಡು ಹೋಗುತ್ತದೆ. ತಂತಿಯಡಿಗೆ ಸಿಕ್ಕಿಸುವ ನೂಲಿನೆಳೆ ಆ ಸವರುವಿಕೆಯನ್ನು ಹದಗೊಳಿಸುತ್ತದೆ. ಆ ಎಳೆಗೆ ಜೀವಾಳವೆಂಬ ಹೆಸರನ್ನಿಟ್ಟವರು ಭೌತಶಾಸ್ತ್ರ ಓದಿದವರಲ್ಲ. ಆದರೂ ಹೆಸರು ಎಷ್ಟು ತಕ್ಕದ್ದಾಗಿದೆ!

ಮೈ ಬಂದರೂ ನಮ್ಮ ವಾದ್ಯಕ್ಕೆ ಇನ್ನೂ ಜೀವ ಬಂದಿಲ್ಲ. ಅದು ಒಂದೇ ಸಮನೆ ಮೊರೆಯುತ್ತಿದೆ. ಜೀವವುಳ್ಳದ್ದೆಲ್ಲಕ್ಕೂ ಹುಟ್ಟುಂಟು, ಸಾವುಂಟು, ನಾದಕ್ಕೂ ಹಾಗೆಯೇ. 1948ರಲ್ಲಿ ಪ್ಯಾರಿಸ್ಸಿನ ರೇಡಿಯೋದಲ್ಲಿ ಪಿಯೆರ್ ಶೆಫರ್ ಎಂಬುವರು ಘಂಟೆಯ ದನಿಯನ್ನು ಮುದ್ರಿಸಿ, ಬಡಿತದ ಕ್ಷಣವನ್ನು ಕಳೆದು, ಉಳಿದುದನ್ನಷ್ಟೇ ಕೇಳಿದರು. ಅದು ಘಂಟೆಯಾಗಿಯೇ ಉಳಿಯಲಿಲ್ಲ. ಇಂತಹ ದನಿ ಇಂತಹುದೆಂದು ನಮ್ಮ ಕಿವಿ ಗುರುತಿಸುವುದು ಬಹುಮಟ್ಟಿಗೆ ಅದು ಹುಟ್ಟುವ ಬಗೆಯಿಂದ. ಕನ್ನಡದ ಮೇಷ್ಟರಿಗೆ ಇದು ಹೊಸ ಪಾಠವಲ್ಲ. ‘ಕ’ಕಾರದ ಮೊದಲ ಸ್ಫೋಟವನ್ನು ಕಳೆದುಬಿಟ್ಟರೆ ಉಳಿಯುವುದು ‘ಅ’ ಮಾತ್ರ. ‘ತ’ವನ್ನು ಹಾಗೆ ಮಾಡಿದರೂ ‘ಅ’, ‘ಪ’ವನ್ನು ಮಾಡಿದರೂ ‘ಅ’. ವ್ಯಂಜನವೆಲ್ಲ ಹುಟ್ಟಿನಲ್ಲಿದೆ, ಸ್ವರವು ಅನಂತರದ ಬಾಳುವೆ.

ಪ್ಯೂರ್ ಡೇಟಾದಲ್ಲಿ ಈ ಹುಟ್ಟುಸಾವುಗಳನ್ನು ಕೊಡುವ ಪೆಟ್ಟಿಗೆಗೆ ವಿ, ಎಲ್, ಐ, ಎನ್, ಇ ಮತ್ತು ಅಲೆಗೆರೆ ಎಂದು ಬರೆಯಬೇಕು. ಅದರ ಮೇಲೆ ‘ಮೆಸೇಜ್’ ಎಂಬ ಇನ್ನೊಂದು ಬಗೆಯ ಪೆಟ್ಟಿಗೆಯನ್ನಿಟ್ಟು, ಅದರಲ್ಲಿ ‘1 5, 0 2000 5’ ಎಂದು ತುಂಬಿ ಗೆರೆ ಎಳೆಯಿರಿ. ಒಂದು ಸೆಕೆಂಡಿನ ಸಾವಿರದ ಐದು ಪಾಲಿನಲ್ಲಿ ಪೂರ್ಣಕ್ಕೆ ಏರು; ಅಷ್ಟಾದ ಮೇಲೆ ಎರಡು ಸೆಕೆಂಡುಗಳಲ್ಲಿ ಮೆಲ್ಲಮೆಲ್ಲನೆ ಸೊನ್ನೆಗೆ ಇಳಿ, ಎಂದು ಅದರರ್ಥ. ಹೀಗೆ ಏರಿಳಿಯುವ ಅಂಕದಿಂದ ನಮ್ಮ ದನಿಯನ್ನು ಗುಣಿಸಿದರೆ, ಮೆಸೇಜನ್ನು ಒತ್ತಿದಾಗಲೆಲ್ಲ ತಂತಿ ಮೀಟಿದಂತಾಗುತ್ತದೆ. ಐದರ ಬದಲು ಐನೂರು ಎಂದು ಎರಡೂ ಕಡೆ ಬರೆದರೆ ಮೀಟು ಮಾಯವಾಗಿ, ಕಮಾನು ಎಳೆದಂತೆ ಕೇಳುತ್ತದೆ. ಉಳಿದುದೆಲ್ಲ ಇದ್ದಂತೆಯೇ ಇದೆ. ಹುಟ್ಟಿನ ಬಗೆ ಬದಲಾಯಿತು, ವಾದ್ಯವೇ ಬದಲಾಯಿತು.

ತಂಬೂರಿಯನ್ನೇ ಹೋಲಬೇಕೆಂದರೆ ಇನ್ನೊಂದು ಹೆಜ್ಜೆ. ನಿಜವಾದ ತಂಬೂರಿಯಲ್ಲಿ ಮೇಲಿನ ಮರಿದನಿಗಳು ಮೀಟಿದ ಕೂಡಲೆ ಪೂರ್ತಿ ಕೇಳಿಸುವುದಿಲ್ಲ. ಹೂವು ಬಿರಿದಂತೆ ಒಂದಾದಮೇಲೊಂದು ತೆರೆದುಕೊಳ್ಳುತ್ತವೆ. ಆದುದರಿಂದ ಐದು ಕಂಪನಗಳಿಗೂ ಬೇರೆಬೇರೆ ಏರಿಳಿತಗಳನ್ನು ಕೊಡಬೇಕು. ಮೊದಲನೆಯದು ಥಟ್ಟನೆ ಏರಲಿ. ಐದನೆಯದಕ್ಕೆ ‘1 600, 0 3000 600’ ಎಂದು ಬರೆದರೆ ಅದು ನಿಧಾನವಾಗಿ ಮೇಲೆದ್ದು ನಿಧಾನವಾಗಿ ಅಡಗುತ್ತದೆ. ನಾನು ಈ ಬದಲಾವಣೆಯನ್ನು ಮಾಡಿದ ಸಂಜೆ ನನ್ನ ತಾಯಿಯವರು ಫ್ರಿಜ್ಜಿನ ಮಾತೆತ್ತಲಿಲ್ಲ. “ಯಾರ ಮನೇಲೋ ಪಾಠ ನಡೀತಿದೆ” ಎಂದು ಕಿಟಕಿಯ ಕಡೆಗೆ ಕಿವಿಗೊಟ್ಟರು. ಹತ್ತಿರ ಬಂದು ಕೇಳಿದಾಗ, “ತಂಬೂರಿ ಅಲ್ಲ ಬಿಡು, ಆದರೆ ತಂಬೂರೀನ ಕಂಡಿರೋ ಯಾವುದೋ ಒಂದು” ಎಂದು ತೀರ್ಪಿತ್ತರು. ಆ ತೀರ್ಪಿನ ಮೇಲೆ ಅಪೀಲು ಹೋಗುವ ಧೈರ್ಯ ನನಗಿಲ್ಲ.

ಇನ್ನು ಇದಕ್ಕೆ ಸ್ವರಸ್ಥಾನಗಳನ್ನು ಕೊಡುವ ಮಾತು. ಈ ಲೇಖನದ ತಿರುಳಿರುವುದು ಇಲ್ಲಿಯೇ. ಪ್ಯೂರ್ ಡೇಟಾದಲ್ಲಿ ಎಂ, ಟಿ, ಓ, ಎಫ್ ಎಂಬ ಒಂದು ಸಿದ್ಧ ಪೆಟ್ಟಿಗೆಯಿದೆ. ಕೀಬೋರ್ಡಿನ ಮನೆಯ ಸಂಖ್ಯೆಯನ್ನು ಕೊಟ್ಟರೆ ಅದು ಕಂಪನದ ಸಂಖ್ಯೆಯನ್ನು ಹೇಳುತ್ತದೆ. 69 ಎಂದರೆ 440. ಬಹು ಅನುಕೂಲವಾದ ಪೆಟ್ಟಿಗೆ. ಆದರೆ ಅದು ಪಶ್ಚಿಮದ ಸಮಶ್ರುತಿಯ ಲೆಕ್ಕದಲ್ಲಿ ನಡೆಯುತ್ತದೆ. ಸ್ಥಾಯಿಯನ್ನು ಹನ್ನೆರಡು ಸಮಪಾಲು ಮಾಡಿ ಹಂಚುತ್ತದೆ. 260ನ್ನು ಷಡ್ಜವೆಂದು ಇಟ್ಟುಕೊಂಡರೆ ಆ ಲೆಕ್ಕದ ಗಾಂಧಾರ ಸುಮಾರು 327.6. ತಂತಿಯ ಹೊಟ್ಟೆಯಲ್ಲಿ ಹುಟ್ಟುವ ಗಾಂಧಾರದ ಲೆಕ್ಕವೋ ಒಂದೂಕಾಲು ಪಟ್ಟು, ಎಂದರೆ 325. ಎರಡೂವರೆ ಕಂಪನದ ಅಂತರ ಅಷ್ಟೆ, ಅದಕ್ಕಿಷ್ಟು ರಾದ್ಧಾಂತವೇ ಎಂದು ಕೇಳಬಹುದು. ನಮ್ಮ ವಾದ್ಯದಿಂದಲೇ ಉತ್ತರ ಪಡೆಯಿರಿ. ಮರಿದನಿಗಳ ಸಹಿತವಾದ ಷಡ್ಜದೊಡನೆ ಹಾಗೆಯೇ ಕಟ್ಟಿದ 327.6ನ್ನು ನುಡಿಸಿ, ಆಮೇಲೆ 325ನ್ನು ನುಡಿಸಿ. ಮೊದಲನೆಯದರಲ್ಲಿ ಷಡ್ಜದ ಐದನೆಯ ಮರಿದನಿಯೂ ಗಾಂಧಾರದ ನಾಲ್ಕನೆಯದೂ ಒಂದನ್ನೊಂದು ತಾಕಿ, ಸೆಕೆಂಡಿಗೆ ಹತ್ತು ಬಾರಿ ನಡುಗುತ್ತವೆ. ಎರಡನೆಯದರಲ್ಲಿ ಆ ನಡುಕ ನಿಂತು, ಎರಡು ದನಿಗಳೂ ಒಂದರ ಮಡಿಲಲ್ಲೊಂದು ಕುಳಿತುಬಿಡುತ್ತವೆ.

1940ರಲ್ಲಿ ಆಲ್ ಇಂಡಿಯಾ ರೇಡಿಯೋದವರು ಹಾರ್ಮೋನಿಯಮ್ಮನ್ನು ಹೊರಗಿಟ್ಟರು. 1971ರವರೆಗೆ ಆ ಬಹಿಷ್ಕಾರ ಸಡಿಲವಾಗಲಿಲ್ಲ. ಅದರ ಮೇಲಿದ್ದ ಮುಖ್ಯ ಆಪಾದನೆಗಳು ಎರಡು: ಸ್ವರಸ್ಥಾನಗಳು ನಮ್ಮವಲ್ಲ, ಗಮಕ ಬಾರದು. ಬಹಿಷ್ಕಾರವು ಸರಿಯೋ ತಪ್ಪೋ, ಅಂದು ಅದರ ಮೇಲೆ ವಾದಗಳಾದರೂ ನಡೆದುವು. ಇಂದು ಅದೇ ಸಮಶ್ರುತಿಯು ಕೀಬೋರ್ಡಿನ ರೂಪದಲ್ಲಿ ಮನೆಯೊಳಗೆ ಬಂದು ಮಕ್ಕಳ ಕಿವಿಯ ಪಕ್ಕದಲ್ಲೇ ಕುಳಿತಿದೆ, ಯಾರೂ ಕೇಳುವವರಿಲ್ಲ. ಸಮಶ್ರುತಿ ಕೆಟ್ಟದ್ದೆಂದು ನನ್ನ ಮಾತಲ್ಲ. ಪಶ್ಚಿಮದವರ ಸ್ವರಮೇಳಕ್ಕೆ ಅದರಿಂದ ದೊಡ್ಡ ಉಪಕಾರವಾಗಿದೆ. ನನ್ನ ಆಕ್ಷೇಪ ಇಷ್ಟೆ: ಅದು ಯಾರೋ ಎಲ್ಲಿಯೋ ತಮ್ಮ ಅಗತ್ಯಕ್ಕಾಗಿ ಮಾಡಿದ ಆಯ್ಕೆ, ಗುಂಡಿಯನ್ನು ಒತ್ತುವ ಮಗುವಿಗೆ ಅದು ಆಯ್ಕೆಯೆಂದೇ ತಿಳಿಯದು, ಪ್ರಕೃತಿಯೇ ಹೀಗೆ ಎಂದು ಅದು ನಂಬುತ್ತದೆ. ನಾವೇ ಕಟ್ಟಿದ ವಾದ್ಯದಲ್ಲಿ ಈ ಭ್ರಮೆಗೆ ಎಡೆಯಿಲ್ಲ. ಸಿದ್ಧ ಪೆಟ್ಟಿಗೆಯನ್ನು ಪಕ್ಕಕ್ಕೆ ಸರಿಸಿ, ಷಡ್ಜವನ್ನು 1.25ರಿಂದ ಗುಣಿಸುವ ಪೆಟ್ಟಿಗೆಯನ್ನಿಟ್ಟರೆ ಗಾಂಧಾರ ನಮ್ಮದು, 1.5ರಿಂದ ಗುಣಿಸಿದರೆ ಪಂಚಮ ನಮ್ಮದು. ಬೇಡವೆಂದರೆ ಮತ್ತೆ ಪಶ್ಚಿಮದ ಲೆಕ್ಕಕ್ಕೇ ಹೋಗಬಹುದು. ಆಗ ಅದೂ ತಿಳಿದು ಮಾಡಿದ ಆಯ್ಕೆಯಾಗುತ್ತದೆ.

ಗಮಕದ ವಿಷಯದಲ್ಲಿ ಮಾತ್ರ ಯಂತ್ರವು ನಮ್ಮನ್ನು ಬೇಗ ವಿನಯಕ್ಕೆ ತರುತ್ತದೆ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಿಸುವುದು ಸುಲಭ. ಹುಟ್ಟುಸಾವುಗಳನ್ನು ಕೊಟ್ಟ ಪೆಟ್ಟಿಗೆಯನ್ನೇ ಕಂಪನದ ತಲೆಗೆ ಜೋಡಿಸಿದರೆ 260ರಿಂದ 325ಕ್ಕೆ ದನಿ ಸರ್ರನೆ ಏರುತ್ತದೆ. ಆದರೆ ಏರುವ ದಾರಿ ಅಡ್ಡಪಟ್ಟಿಯಿಟ್ಟು ಎಳೆದ ಗೆರೆಯಂತೆ ನೆಟ್ಟಗಿರುತ್ತದೆ. ತೋಡಿಯ ಗಾಂಧಾರದ ಒಂದೇ ಒಂದು ಅಸೆತವನ್ನು ಹೀಗೆ ಬರೆಯಹೊರಟ ನನ್ನ ವಿದ್ಯಾರ್ಥಿಯೊಬ್ಬ ಎರಡು ದಿನ ಕುಳಿತು ನಲವತ್ತಕ್ಕೂ ಹೆಚ್ಚು ಅಂಕಗಳನ್ನು ತುಂಬಿದ. ಮೂರನೆಯ ದಿನ ಬಂದು, “ಸಾರ್, ನಮ್ಮ ಅಕ್ಕ ಇದನ್ನ ಪಾತ್ರೆ ಉಜ್ಜೋವಾಗ ಹಾಡ್ತಾಳೆ” ಎಂದ. ಕೀಬೋರ್ಡನ್ನು ಕೊಂಡಿದ್ದರೆ ಆ ಹುಡುಗನಿಗೆ ತನ್ನ ಅಕ್ಕನ ಗಂಟಲಿನ ಬೆಲೆ ತಿಳಿಯುತ್ತಿತ್ತೆ?

ಯಂತ್ರಗಳು ಬಂದು ಸಂಗೀತಗಾರರ ಅನ್ನವನ್ನು ಕಸಿಯುತ್ತವೆಂಬ ಭಯವನ್ನು ಅನೇಕರು ಆಡುತ್ತಾರೆ. ಭಯಕ್ಕೆ ಕಾರಣವಿಲ್ಲವೆಂದು ಹೇಳಲಾರೆ. ಆದರೆ ಕೇಳುವವರ ಕಿವಿಯಲ್ಲಿ 325ಕ್ಕೂ 327.6ಕ್ಕೂ ಭೇದ ಉಳಿದಿರುವ ತನಕ, ಹುಟ್ಟಿ ಬಾಳಿ ಅಡಗುವ ನಾದಕ್ಕೂ ಬರಿಯ ಮೊರೆತಕ್ಕೂ ಭೇದ ಉಳಿದಿರುವ ತನಕ ಹಾಡುವವರಿಗೆ ಸ್ಥಾನವುಂಟು. ಆ ಕಿವಿಯೇ ಹೋದ ಮೇಲೆ ಉಳಿಸಿಕೊಳ್ಳುವುದಕ್ಕೆ ಏನಿರುತ್ತದೆ?

ಆದುದರಿಂದ ಬರುವ ಭಾನುವಾರದ ಸಂಜೆ ಮಕ್ಕಳನ್ನು ಕರೆದು ಕೂರಿಸಿಕೊಳ್ಳಿ. ದನಿಯನ್ನು ತಗ್ಗಿಸಿಯೇ ಇಟ್ಟಿರಿ. ಮೊದಲು ಒಂದು ಪೆಟ್ಟಿಗೆ, ಆಮೇಲೆ ಐದು, ಆಮೇಲೆ ಅವುಗಳ ಹುಟ್ಟುಸಾವು. ಲೆಕ್ಕವನ್ನು ಅವರೇ ಬರೆಯಲಿ; ಗೆರೆಗಳನ್ನು ಅವರೇ ಎಳೆಯಲಿ. ನಡುವೆ ಎಲ್ಲಾದರೂ ಅವರು ಕೈ ನಿಲ್ಲಿಸಿ, ‘ಇನ್ನೊಂದು ಸಲ ಕೇಳೋಣ’ ಎಂದರೆ ವಾದ್ಯವು ಸಿದ್ಧವಾಯಿತೆಂದೇ ತಿಳಿಯಿರಿ. ಮಿಕ್ಕ ಪೆಟ್ಟಿಗೆಗಳನ್ನು ನಿಧಾನವಾಗಿ ಜೋಡಿಸಬಹುದು.